ದಮ್ಮು ಹತ್ತಿದ ಕಾರ್ಟ್

ಕೊಲ್ಲಾಪುರದ ರೇಸಿಗೆ ಇನ್ನೊಂದು ವಾರವಿದೆ ಎನ್ನುವಾಗ ನಮ್ಮ ಗೋ-ಕಾರ್ಟಿಗೆ ದಮ್ಮು ಹತ್ತತೊಡಗಿತು. ಪೂರ್ತಿ ಕೆಟ್ಟು ನಿಂತಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೆಟ್ಟು ನಿಂತ ಇಂಜಿನ್ ಪ್ರಾಮಾಣಿಕ, ಬಿಚ್ಚಿದರೆ ಎಲ್ಲಿ ಮುರಿದಿದೆ ಎಂದು ತೋರಿಸುತ್ತದೆ. ಇದು ಹಾಗಲ್ಲ. ನನ್ನ ಮುಂದೆ ಸ್ಟ್ಯಾಂಡಿನ ಮೇಲೆ ಗುಡುಗುತ್ತಿತ್ತು, ಟ್ರ್ಯಾಕಿಗೆ ಹೋದ ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತಿತ್ತು. ಇಂಥ ನಾಟಕದ ಇಂಜಿನ್ನುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಟ್ರ್ಯಾಕ್ ಇರುವುದು ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯಲ್ಲಿ, ಒಂದು ರೆಸಾರ್ಟಿನ ಹಿಂದೆ. ಬೆಳಿಗ್ಗೆ ಕಾಳಿ ನದಿಯಲ್ಲಿ ನೆನೆದು ಬಂದ ಪ್ರವಾಸಿಗರು ಸಂಜೆ ಇಲ್ಲಿ ಬಾಡಿಗೆ ಕಾರ್ಟ್ ಹತ್ತಿ ಟೈರಿನ ಗೋಡೆಗೆ ಗುದ್ದುತ್ತಾರೆ. ಅವರು ಗುದ್ದಿದ್ದನ್ನು ನೆಟ್ಟಗೆ ಮಾಡುವುದು ನನ್ನ ಕೆಲಸ. ಆ ಬಾಡಿಗೆ ಗಾಡಿಗಳ ನಡುವೆ ನಿಜವಾದ ರೇಸ್ ಕಾರ್ಟ್ ಎಂಬುದು ಒಂದೇ ಇತ್ತು. ನೂರಿಪ್ಪತ್ತೈದು ಸಿಸಿಯ ಟೂ-ಸ್ಟ್ರೋಕ್ ಇಂಜಿನ್, ನೆಲದಿಂದ ಎರಡು ಬೆರಳು ಮೇಲೆ ಕೂರುವ ಚೌಕಟ್ಟು, ಚಾಲಕರ ಎರಡು ಕಾಲುಗಳ ನಡುವೆ ಪೆಟ್ರೋಲ್ ಟ್ಯಾಂಕು. ಮಾಲೀಕರು ಅದನ್ನು ಯಾರಿಂದಲೋ ಹಳೆಯದಾಗಿ ಕೊಂಡು ತಂದಿದ್ದರು, ಆದರೆ ಹೊಸ ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದರು.

ಅದನ್ನು ಓಡಿಸುತ್ತಿದ್ದವಳು ಸಾಂಬ್ರಾಣಿ ಊರ ಕಡೆಯ ಸಿದ್ದಿ ಹುಡುಗಿ. ಪ್ರವಾಸಿಗರಿಗೆ ಹೆಲ್ಮೆಟ್ ಒರೆಸಿ ಕೊಡುವ ಕೆಲಸಕ್ಕೆ ಬಂದವಳು. ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ಬಾಡಿಗೆ ಕಾರ್ಟ್ ಹತ್ತಿ ಒಂದು ಸುತ್ತು ಹೊಡೆದಳು. ಶೆಡ್ಡಿನಲ್ಲಿ ಚಹಾ ಕುಡಿಯುತ್ತಿದ್ದ ನಾನು ಲೋಟ ಕೆಳಗಿಟ್ಟು ಎದ್ದು ನಿಂತೆ. ತಿರುವಿನಲ್ಲಿ ಅವಳು ಬ್ರೇಕ್ ಒತ್ತುವುದು ಕೇಳಿಸುತ್ತಲೇ ಇರಲಿಲ್ಲ. ಆಮೇಲೆ ಮಾಲೀಕರೇ ಅವಳನ್ನು ರೇಸ್ ಕಾರ್ಟಿನಲ್ಲಿ ಕೂರಿಸಿದರು. ಕೊಲ್ಲಾಪುರಕ್ಕೆ ಅವಳೇ ಹೋಗಬೇಕೆಂದು ಮಾತಾಗಿತ್ತು. ಅಲ್ಲಿ ಒಂದು ಒಳ್ಳೆಯ ಓಟ ತೋರಿಸಿದರೆ ದೊಡ್ಡ ತಂಡಗಳ ಕಣ್ಣಿಗೆ ಬೀಳಬಹುದು. ಇಲ್ಲದಿದ್ದರೆ ಮತ್ತೆ ಹೆಲ್ಮೆಟ್ ಒರೆಸುವುದು ಇದ್ದೇ ಇದೆ.

ಅವಳ ಬದಲಿಗೆ ಹೋಗಲು ಇನ್ನೊಬ್ಬ ಸಿದ್ಧನಾಗಿದ್ದ, ಮಾಲೀಕರ ಅಕ್ಕನ ಮಗ. ಕೆಟ್ಟ ಹುಡುಗನಲ್ಲ, ಓಡಿಸಲೂ ಬರುತ್ತಿತ್ತು. ಕಷ್ಟ ಏನೆಂದರೆ ಅವನು ಕೂತಾಗ ಇಂಜಿನ್ ಸೋಲುತ್ತಿರಲಿಲ್ಲ.

ರೋಗದ ಲಕ್ಷಣ ಇಷ್ಟು. ಅವಳು ಹೊರಟ ಮೊದಲ ಕೆಲವು ಸುತ್ತು ಚೆನ್ನಾಗಿರುತ್ತಿತ್ತು. ಆಮೇಲೆ ಉದ್ದನೆಯ ನೇರ ಹಾದಿಯ ನಡುವೆ ಇಂಜಿನ್ನಿನ ದನಿ ತೆಳ್ಳಗಾಗಿ ವೇಗ ಕುಸಿಯುತ್ತಿತ್ತು. ತಿರುವುಗಳಲ್ಲಿ ಸುಧಾರಿಸಿದಂತೆ ಕಂಡು ಮತ್ತೆ ನೇರಕ್ಕೆ ಬಂದಾಗ ಇನ್ನಷ್ಟು ಬೇಗ ಕುಸಿಯುತ್ತಿತ್ತು. ಶೆಡ್ಡಿಗೆ ಬಂದರೆ ಏನೂ ಆಗಿಲ್ಲವೆಂಬಂತೆ ಗಟ್ಟಿಯಾಗಿ ಓಡುತ್ತಿತ್ತು. ಮಾಲೀಕರ ಸೋದರಳಿಯ ಹತ್ತಿ ನಾಲ್ಕಾರು ಸುತ್ತು ಹೊಡೆದು ಬಂದು, "ನನಗ ಚಲೋನ ಓಡತೈತಿ ಮಾಮಾ," ಎನ್ನುತ್ತಿದ್ದ.

ಮಾಲೀಕರು ತೀರ್ಪು ಕೊಟ್ಟುಬಿಟ್ಟರು. "ಇಂಜಿನ್ನಿಗೆ ಏನೂ ಆಗಿಲ್ಲ ಮಿಸ್ತ್ರಿ. ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ. ಉದ್ದ ಹಾದಿ ಬಂದಕೂಡ್ಲೆ ಹೆದರಿ ಪೆಡಲ್ ಮ್ಯಾಲಿಂದ ಕಾಲ ತಗೀತಾಳ."

ಅವಳು ಹೆಲ್ಮೆಟ್ ತೆಗೆಯುತ್ತ ಹೇಳಿದಳು. "ನಾ ಕಾಲ ತಗದಿಲ್ರಿ."

 ಅಷ್ಟೇ ಹೇಳಿ ಪ್ರವಾಸಿಗರ ಹೆಲ್ಮೆಟ್ ಒರೆಸಲು ಹೋದಳು.

ನಾನು ಮೊದಲು ಸುಲಭದ್ದನ್ನೆಲ್ಲ ನೋಡಿದೆ. ಪೆಡಲ್ ಪೂರ್ತಿ ಒತ್ತಿ ಕಾರ್ಬ್ಯುರೇಟರಿನ ಬಾಯಿ ಪೂರ್ತಿ ತೆರೆಯುತ್ತದೆಯೇ ಎಂದು ಇಣುಕಿದೆ, ತೆರೆಯುತ್ತಿತ್ತು. ಪ್ಲಗ್ಗಿನ ಬಣ್ಣ ಚಹಾದ ಬಣ್ಣ, ಅಂದರೆ ಉರಿ ಸರಿಯಾಗಿದೆ. ಆದರೂ ಹೊಸದು ಹಾಕಿದೆ. ಕಾಯಿಲ್ ಬದಲಿಸಿದೆ. ಏರ್ ಫಿಲ್ಟರ್ ತೊಳೆದೆ. ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ ಬ್ರೇಕ್ ಹಿಡಿಯುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಸೈಲೆನ್ಸರ್ ಬಿಚ್ಚಿ ಮಸಿ ಕೆರೆದೆ. ಕಂಪ್ರೆಶನ್ ಗೇಜ್ ಹಚ್ಚಿದರೆ ಮುಳ್ಳು ಹೊಸ ಇಂಜಿನ್ನಿನ ಹಾಗೆ ಏರಿ ನಿಂತಿತು.

ಮರುದಿನ ಇನ್ನೂ ಒಳಕ್ಕೆ ಹೋದೆ. ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಸೀಲು ಸೋರಿದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಶಕ್ತಿ ಹೋಗುತ್ತದೆ. ಬಾಯಿಗಳನ್ನೆಲ್ಲ ರಬ್ಬರಿನಿಂದ ಮುಚ್ಚಿ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಸಾಬೂನು ನೀರು ಸವರಿ, ಗುಳ್ಳೆ ಏಳುತ್ತದೆಯೇ ಎಂದು ಕಾದು ಕೂತೆ. ಒಂದು ಗುಳ್ಳೆಯೂ ಏಳಲಿಲ್ಲ. ಎಲ್ಲ ಸರಿಯಿದೆ ಎನ್ನುವ ಇಂಜಿನ್ನಿನ ಮುಂದೆ ಕೂತ ಮೆಕ್ಯಾನಿಕ್‌ನಂಥ ದಡ್ಡ ಇನ್ನೊಬ್ಬನಿಲ್ಲ.

ಆಗ ಪ್ಲಗ್ಗಿನ ಬಗ್ಗೆಯೇ ಅನುಮಾನ ಬಂತು. ಅವಳು ಸೋತ ಗಾಡಿಯನ್ನು ಮೆಲ್ಲಗೆ ಓಡಿಸಿಕೊಂಡು ಶೆಡ್ಡಿನವರೆಗೆ ಬರುತ್ತಾಳೆ. ಅಷ್ಟರಲ್ಲಿ ಪ್ಲಗ್ಗಿನ ಬಣ್ಣ ಬದಲಾಗಿಬಿಡುತ್ತದೆ. "ಯವ್ವಾ, ಈ ಸಲ ಸೊರಗಿದ ಜಾಗಾದಾಗ ಇಂಜಿನ್ ಆಫ್ ಮಾಡಿಬಿಡು, ಗಾಡಿ ತಾನ ಉರುಳಿ ಬರಲಿ," ಎಂದೆ. ಹಾಗೆಯೇ ಮಾಡಿದಳು. ಬಿಚ್ಚಿದರೆ ಪ್ಲಗ್ ಸುಣ್ಣದಷ್ಟು ಬೆಳ್ಳಗಿತ್ತು.

ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಬಿಳಿ ಪ್ಲಗ್ ಎಂದರೆ ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ. ಟೂ-ಸ್ಟ್ರೋಕಿನಲ್ಲಿ ಎಣ್ಣೆಯೂ ಪೆಟ್ರೋಲಿನ ಜೊತೆಗೇ ಬರಬೇಕು. ಪೆಟ್ರೋಲ್ ಸಾಲದಿದ್ದರೆ ಎಣ್ಣೆಯೂ ಸಾಲದು, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದ್ದದ್ದು ಒಂದೇ ಇಂಜಿನ್. ಅದು ಕಚ್ಚಿಕೊಂಡರೆ ಅವಳೂ ಇಲ್ಲ, ಅಳಿಯನೂ ಇಲ್ಲ, ಕೊಲ್ಲಾಪುರವೂ ಇಲ್ಲ.

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ದೊಡ್ಡದು ಹಾಕಿದೆ. ಅಳಿಯ ಓಡಿಸಿ ಬಂದು "ಜಡ ಆಗೈತ್ರಿ" ಎಂದ, ಅವಳಿಗೆ ಮಾತ್ರ ಮೊದಲಿನಂತೆಯೇ ಸೋತಿತು. ಪೆಟ್ರೋಲ್ ಪೈಪು, ಫಿಲ್ಟರು ಹೊಸವು ಹಾಕಿದೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪುಟ್ಟ ಪಂಪಿನ ಪೊರೆಯನ್ನು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತರಿಸಿ ಬದಲಿಸಿದೆ. ಪ್ರತಿ ಸಲ ಅವಳು ಬಂದು ನಿಂತ ಕೂಡಲೇ ನನ್ನ ಮೊದಲ ಕೆಲಸ ಒಂದೇ, ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಿ ಎಷ್ಟು ಪೆಟ್ರೋಲ್ ಉಳಿದಿದೆ ನೋಡುವುದು. ಬೇಕಾದಷ್ಟು ಇರುತ್ತಿತ್ತು. ಮುಚ್ಚಳ ಹಾಕಿ ಇಂಜಿನ್ ಏರಿಸಿದರೆ ಹುಲಿಯ ಹಾಗೆ ಗರ್ಜಿಸುತ್ತಿತ್ತು. ಪಕ್ಕದಲ್ಲಿ ಬಾಡಿಗೆ ಕಾರ್ಟುಗಳ ಸದ್ದು, ಮೇಲೆ ರೆಸಾರ್ಟಿನವರ ಸ್ಪೀಕರಿನಲ್ಲಿ ಹಾಡು. ಯಾವುದೂ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಹೊರಡುವ ಹಿಂದಿನ ಸಂಜೆಯ ಹೊತ್ತಿಗೆ ಹೆಸರು ಖಾಯಂ ಆಗಬೇಕಿತ್ತು. ಮಾಲೀಕರು ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದರು. "ನಾಳೆ ಸಂಜಿತನಕ ನೋಡತೇನಿ ಮಿಸ್ತ್ರಿ. ಆಮ್ಯಾಲೆ ನಮ್ಮ ಹುಡುಗ ಹೋಗ್ತಾನ. ಆಕೀಗೂ ನಾನಽ ಹೇಳತೇನಿ, ನೀ ಹೇಳೂದ ಬ್ಯಾಡ." ಅವಳು ಆಚೆ ಬದಿಯಲ್ಲಿ ಹೆಲ್ಮೆಟ್ ಜೋಡಿಸುತ್ತಿದ್ದಳು. ಕೇಳಿಸಿತ್ತು ಎಂಬುದು ಅವಳ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಒಂದು ವಿಷಯ ಹೊಳೆಯಿತು. ಈ ಇಂಜಿನ್ನಿಗೆ ಕಾಯಿಲೆ ಬರುವುದು ನೇರ ಹಾದಿಯಲ್ಲಿ. ನಾನು ಮದ್ದು ಮಾಡುತ್ತಿರುವುದು ಶೆಡ್ಡಿನಲ್ಲಿ. ನಡುವೆ ಏನೋ ಆಗಿ ಅದು ವಾಸಿಯಾಗಿಬಿಡುತ್ತಿದೆ. ಹಾಗಾದರೆ ಶೆಡ್ಡಿಗೆ ತರಲೇಬಾರದು, ಯಾರೂ ಮುಟ್ಟಬಾರದು.

ಟ್ಯಾಂಕ್ ತುಂಬಿಸಿ ಅವಳಿಗೆ ಹೇಳಿದೆ. "ಎಲ್ಲೆ ಸೊರಗತೈತಿ ಅಲ್ಲೇ ಆಫ್ ಮಾಡು. ಗಾಡಿ ಎಲ್ಲೆ ನಿಲ್ಲತೈತಿ ಅಲ್ಲೇ ಕುಂದ್ರು. ಏನೂ ಮುಟ್ಟಬ್ಯಾಡ."

ಪಾನಾ, ಪ್ಲಗ್ ಸ್ಪ್ಯಾನರು, ಒಂದು ಸ್ಟೀಲ್ ಬಟ್ಟಲು ಚೀಲಕ್ಕೆ ಹಾಕಿಕೊಂಡು ನೇರ ಹಾದಿಯ ಕೊನೆಯಲ್ಲಿ ಟೈರಿನ ಗೋಡೆಯ ಹಿಂದೆ ಕೂತೆ. ಬಾಡಿಗೆ ಕಾರ್ಟುಗಳು ಇನ್ನೂ ಹೊರಗೆ ಬಂದಿರಲಿಲ್ಲ, ಸ್ಪೀಕರ್ ಹಚ್ಚಿರಲಿಲ್ಲ. ಮಂಜಿನಲ್ಲಿ ಅವಳ ಇಂಜಿನ್ನಿನ ದನಿ ಟ್ರ್ಯಾಕಿನ ಆಚೆ ತುದಿಯಿಂದಲೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕೆಲವು ಸುತ್ತು ಸರಿಯಾಗಿ ಹೋಯಿತು. ಆಮೇಲೆ ನೇರದ ನಡುವೆ ದನಿ ತೆಳ್ಳಗಾಯಿತು, ಮರುಕ್ಷಣ ನಿಂತಿತು. ಕಾರ್ಟ್ ಸದ್ದಿಲ್ಲದೆ ಉರುಳಿ ಬಂದು ನನ್ನಿಂದ ಸ್ವಲ್ಪ ದೂರದಲ್ಲಿ ನಿಂತಿತು. ನಾನು ಓಡಿದೆ.

ಕಾರ್ಬ್ಯುರೇಟರಿನ ತಳದ ನಟ್ಟು ಬಿಚ್ಚಿ ಬಟ್ಟಲು ಹಿಡಿದೆ. ಬಟ್ಟಲು ತುಂಬ ಬರಬೇಕಾದ ಜಾಗದಲ್ಲಿ ನಾಲ್ಕು ಹನಿ ಬಿತ್ತು. ಟ್ಯಾಂಕ್ ಹತ್ತಿರಹತ್ತಿರ ತುಂಬಿದೆ, ಕಾರ್ಬ್ಯುರೇಟರ್ ಒಣಗಿದೆ, ನಡುವಿನ ಪೈಪು ಪಂಪು ಎಲ್ಲ ಹೊಸವು. ಅವಳ ಮೊಣಕಾಲ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಕಿತ್ತೆ. ಟ್ಯಾಂಕಿನ ಎರಡೂ ಬದಿ ಹಲ್ಲಿಲ್ಲದ ಅಜ್ಜನ ಕೆನ್ನೆಯಂತೆ ಒಳಕ್ಕೆ ಕುಸಿದಿದ್ದವು. ಅಷ್ಟು ದಿನ ಶೆಡ್ಡಿನಲ್ಲಿ ಆ ಟ್ಯಾಂಕ್ ನೋಡಿದ್ದೇನೆ, ಒಮ್ಮೆಯೂ ಹೀಗೆ ಕಂಡಿರಲಿಲ್ಲ. ಮುಚ್ಚಳ ಅರ್ಧ ತಿರುಗಿಸಿದ್ದೇ ತಡ ಸುಸ್ಸ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಟ್ಯಾಂಕಿನ ಬದಿಗಳು ಟಪ್ ಎಂದು ಹೊರಕ್ಕೆ ಬಂದವು.

"ಏನಾತ ಕಾಕಾ?" ಎಂದಳು.

"ಉಸಿರ ತಗೊಂತು ನೋಡವಾ."

ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಟ್ಯಾಂಕಿನ ಒಳಗೆ ಬರಬೇಕು. ಇಲ್ಲದಿದ್ದರೆ ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಗಾಳಿಗೆಂದು ಮುಚ್ಚಳದ ನಡುವೆ ಸೂಜಿ ಗಾತ್ರದ ತೂತು ಇರುತ್ತದೆ. ನಮ್ಮ ಕಾರ್ಟಿನ ಮುಚ್ಚಳ ಯಾವುದೋ ಮೊಪೆಡ್ಡಿನದು, ಕೊಂಡಾಗಲೇ ಹಾಗಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ತೂತು ಎಲ್ಲಿದೆಯೆಂದು ಕಾಣಿಸಲಿಲ್ಲ. ಅದರ ಮೇಲೆ ವಿಭೂತಿ, ಅದರ ಮೇಲೆ ಕುಂಕುಮ, ಅದರ ಮೇಲೆ ಮತ್ತೆ ವಿಭೂತಿ, ಹೀಗೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹಚ್ಚಿದ್ದು ಗಾರೆಯಂತೆ ಕೂತಿತ್ತು.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ತಪ್ಪುವುದಿಲ್ಲ. ಬೈಕಿಗಾದರೆ ಹೆಡ್‌ಲೈಟಿನ ಮೇಲೆ ಹಚ್ಚುತ್ತಾರೆ. ಕಾರ್ಟಿಗೆ ಹೆಡ್‌ಲೈಟ್ ಇಲ್ಲ, ಎದುರಿಗೆ ನಿಂತರೆ ನಡುವೆ ಗುಂಡಗೆ ಕಾಣುವುದು ಟ್ಯಾಂಕಿನ ಮುಚ್ಚಳವೊಂದೇ. ಮಾಲೀಕರು ಭಕ್ತಿಯಿಂದ ಒದ್ದೆ ಬೆರಳಲ್ಲಿ ಅಲ್ಲಿಗೇ ಹಚ್ಚುತ್ತಿದ್ದರು. ದೇವರಿಗೆ ಹಚ್ಚಿದ್ದನ್ನು ಒರೆಸಬಾರದು, ತಾನಾಗಿ ಹೋಗಬೇಕು. ಹಾಗಾಗಿ ಗಾಡಿ ತೊಳೆಯುವಾಗ ಎಲ್ಲರೂ ಆ ಜಾಗ ಬಿಟ್ಟು ತೊಳೆಯುತ್ತಿದ್ದೆವು. ನಾನಂತೂ ಕುಂಕುಮ ಕೆಡದಿರಲೆಂದು ಅಂಚು ಹಿಡಿದೇ ಮುಚ್ಚಳ ತೆಗೆಯುತ್ತಿದ್ದೆ. ಕಡ್ಡಿ ಅದ್ದಲು ಹಾಗೆ ತೆಗೆದಾಗಲೆಲ್ಲ ಗಾಳಿ ಒಳಗೆ ಹೋಗಿ ಇಂಜಿನ್ ವಾಸಿಯಾಗುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದು ಎಂದರೆ ಇದೇ.

ಅಳಿಯನಿಗೆ ಯಾಕೆ ಸೋಲುತ್ತಿರಲಿಲ್ಲ ಎಂಬುದೂ ಈಗ ತಿಳಿಯಿತು. ಅವನು ಓಡಿಸುತ್ತಿದ್ದದ್ದು ನಾಲ್ಕಾರು ಸುತ್ತು, ಅದಕ್ಕೆ ನಾನು ಸ್ವಲ್ಪವೇ ಪೆಟ್ರೋಲ್ ಹಾಕುತ್ತಿದ್ದೆ. ಟ್ಯಾಂಕಿನ ಮುಕ್ಕಾಲು ಭಾಗ ಗಾಳಿಯೇ ಇರುತ್ತಿತ್ತು, ಅದು ಅವನ ಓಟಕ್ಕೆ ಸಾಕಾಗುತ್ತಿತ್ತು. ಅವಳಿಗೆ ರೇಸಿನ ಪೂರ್ತಿ ದೂರದ ಅಭ್ಯಾಸ, ಕಂಠಮಟ್ಟ ಟ್ಯಾಂಕು, ಒಳಗೆ ಗಾಳಿಗೆ ಜಾಗವೇ ಇಲ್ಲ.

ಶರ್ಟಿನ ಜೇಬಿಗೆ ಸಿಕ್ಕಿಸಿದ್ದ ಪಿನ್ನು ತೆಗೆದೆ. ತೂತಿಗೆ ಚುಚ್ಚಿದರೆ ಮುಗಿಯಿತು. ಆದರೆ ಕೈ ತಡೆಯಿತು. ಈಗ ಚುಚ್ಚಿ, ಅವಳು ಸಂಜೆ ಚೆನ್ನಾಗಿ ಓಡಿಸಿದರೆ ಮಾಲೀಕರು ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು. ಬೈದ ಮೇಲೆ ಕಾಲು ಒತ್ತಿದಳು ಎನ್ನುತ್ತಾರೆ. ಇಂಜಿನ್ ಸರಿಯಾಗುತ್ತದೆ, ಅವಳ ಮೇಲಿನ ಮಾತು ಹಾಗೆಯೇ ಉಳಿಯುತ್ತದೆ. ಉಳಿದ ದಾರಿ ಒಂದೇ. ಮುಚ್ಚಳ ಹೀಗೇ ಬಿಟ್ಟು, ಟ್ಯಾಂಕ್ ತುಂಬಿಸಿ, ಅಳಿಯನನ್ನು ಕೂರಿಸಿ ಓಡಿಸುವುದು. ಆದರೆ ಇನ್ನೊಮ್ಮೆ ಪೆಟ್ರೋಲ್ ಸಾಲದೆ ಓಡಿದರೆ ಇಂಜಿನ್ ಉಳಿಯುತ್ತದೆಂದು ಖಾತ್ರಿಯಿರಲಿಲ್ಲ.

ಎರಡನ್ನೂ ಅವಳಿಗೆ ಬಿಡಿಸಿ ಹೇಳಿದೆ. "ಇಂಜಿನ್ ಕಚಗೊಂಡ್ರ ನೀನೂ ಹೋಗಂಗಿಲ್ಲ, ಅವನೂ ಹೋಗಂಗಿಲ್ಲ. ನೋಡು."

ಅವಳು ಕೈಗವಸು ತೆಗೆದು ಮತ್ತೆ ಹಾಕಿಕೊಂಡಳು. ಬಹಳ ಹೊತ್ತು ನನ್ನ ಕೈಯಲ್ಲಿದ್ದ ಪಿನ್ನನ್ನೇ ನೋಡಿದಳು.

"ಮುಚ್ಚಳಾ ಹಾಕ್ರಿ ಕಾಕಾ," ಎಂದಳು.

ತುಂಬಿದ ಟ್ಯಾಂಕಿನಲ್ಲಿ ಅಳಿಯನನ್ನೂ ರೇಸಿನ ದೂರ ಓಡಿಸಿ ನೋಡೋಣ ಎಂದಾಗ ಮಾಲೀಕರು ಒಪ್ಪಿದರು, ಅವನಿಗೂ ಖುಷಿಯಾಯಿತು. ಅವನ ಭುಜ ಹಿಡಿದು ಎರಡೆರಡು ಸಲ ಹೇಳಿದೆ. "ದನಿ ಸಣ್ಣ ಆದಕೂಡ್ಲೆ ಆಫ್ ಮಾಡು. ಹಠಾ ಮಾಡಬ್ಯಾಡ." ಅವನು ಹೂಂ ಎಂದ.

ಮೊದಲ ಸುತ್ತುಗಳು ಬೆಣ್ಣೆಯಂತೆ ಹೋದವು. ಮಾಲೀಕರು ನನ್ನ ಕಡೆ ನೋಡಿ ನಕ್ಕರು. ಮುಚ್ಚಳ ತೆಗೆದು ಹಾಕುವಾಗ ಕುಂಕುಮ ಉದುರಿ ತೂತು ತೆರೆಯಿತೋ ಏನೋ ಎಂದು ನನಗೇ ಹೆದರಿಕೆಯಾಯಿತು. ಅವಳು ಕಂಬಿ ಹಿಡಿದು ಅಲುಗಾಡದೆ ನಿಂತಿದ್ದಳು. ಇನ್ನೆರಡು ಸುತ್ತಾಯಿತು. ಆಮೇಲೆ ನೇರ ಹಾದಿಯಲ್ಲಿ ದನಿ ತೆಳ್ಳಗಾಯಿತು.

ಅವನು ಆಫ್ ಮಾಡಲಿಲ್ಲ. ಮಾಮಾನ ಮುಂದೆ ಸೋಲಲು ಮನಸ್ಸಾಗಲಿಲ್ಲವೋ ಏನೋ, ಒತ್ತಿಕೊಂಡೇ ತಿರುವಿಗೆ ಹೋದ. ಇಂಜಿನ್ನಿನೊಳಗಿಂದ ಟಿಣ್ ಟಿಣ್ ಎಂದು ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಬರತೊಡಗಿತು.  ಅರಿವೆ ಬೀಸುತ್ತ ಟ್ರ್ಯಾಕಿನ ನಡುವೆಯೇ ಓಡಿದೆ. ನನ್ನನ್ನು ಕಂಡು ಆಫ್ ಮಾಡಿದ.

ಸಿಲಿಂಡರಿನ ಹತ್ತಿರ ಕೈ ತರಲಾಗುತ್ತಿರಲಿಲ್ಲ. ಇಂಜಿನ್ನಿನ ಪಕ್ಕದ ಚಕ್ರವನ್ನು ಕೈಯಿಂದ ತಿರುಗಿಸಲು ನೋಡಿದೆ. ಅಲುಗಲಿಲ್ಲ.  ಉಸಿರು ಹಿಡಿದು ಮತ್ತೆ ಅಮುಕಿದೆ. ಸ್ವಲ್ಪ ಬಿಗಿದುಕೊಂಡು, ಆಮೇಲೆ ಮೆಲ್ಲಗೆ ತಿರುಗಿತು. ನಾನು ಅಲ್ಲೇ ಡಾಂಬರಿನ ಮೇಲೆ ಕೂತುಬಿಟ್ಟೆ.

ಅಳಿಯ ಹೆಲ್ಮೆಟ್ ತೆಗೆದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಮಾಮಾ, ನಾ ಪೂರಾ ಒತ್ತಿದ್ದೆ. ಗಾಡಿ ಏಳಲಿಲ್ಲ," ಎಂದ.

"ಮಾಲಕ್ರ, ನೀವಽ ಮುಚ್ಚಳಾ ತಗೀರಿ," ಎಂದೆ. ಅವರು ಬಗ್ಗಿ ತಿರುಗಿಸಿದರು. ಸುಸ್ಸ್ ಎಂದಿತು, ಟ್ಯಾಂಕಿನ ಬದಿಗಳು ಟಪ್ ಎಂದವು. ಮುಚ್ಚಳ ಅವರ ಅಂಗೈಯಲ್ಲಿತ್ತು. ಅದನ್ನೂ ನನ್ನನ್ನೂ ನೋಡಿದರು.

"ಕುಂಕುಮಕ್ಕ ಹೆಸರಿಡಾಕತ್ತೀಯೇನ ಮಿಸ್ತ್ರಿ?"

"ಕುಂಕುಮಕ್ಕಲ್ರಿ. ಹಚ್ಚಿದ ಜಾಗಾಕ್ಕ."

ಅವರ ಮುಖ ಬಿಗಿಯಾಯಿತು. ಇಲ್ಲಿಗೆ ನನ್ನ ಕೆಲಸವೂ ಹೋಯಿತು ಎಂದುಕೊಂಡೆ. ಅವರು ಹೆಗಲ ಮೇಲಿನ ಟವೆಲ್ಲಿನ ಚುಂಗು ತೆಗೆದು, ಬಾಟಲಿಯ ನೀರಲ್ಲಿ ಒದ್ದೆ ಮಾಡಿ, ಮುಚ್ಚಳವನ್ನು ತಾವೇ ಒರೆಸತೊಡಗಿದರು. ಒರೆಸಿ ಕಣ್ಣಿಗೊತ್ತಿಕೊಂಡರು. "ಇದಕ್ಕ ಹೆಡ್‌ಲೈಟರ ಎಲ್ಲೈತಿ," ಎಂದು ಗೊಣಗಿದರು. "ಎಲ್ಲೆ ಹಚ್ಚಬೇಕು ಮತ್ತ?"

"ಮುಂದಿನ ನಂಬರ್ ಹಲಗಿಗೆ ಹಚ್ಚರಿ," ಎಂದೆ. ಪಿನ್ನು ಕೊಟ್ಟೆ. ತೂತು ತೆರೆದವರೂ ಅವರೇ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೈಲೆನ್ಸರ್ ಬಿಚ್ಚಿ ಪಿಸ್ಟನ್ನಿನ ಬದಿಗೆ ಟಾರ್ಚ್ ಬಿಟ್ಟು ನೋಡಿದೆ. ಕೂದಲಿನಂಥ ಗೀರು ಬಿದ್ದಿತ್ತು, ಆಳವಿರಲಿಲ್ಲ. ಹಳೆಯ ಜೆಟ್ ಮತ್ತೆ ಹಾಕಿದೆ. ಸಂಜೆ ಅವಳು ತುಂಬಿದ ಟ್ಯಾಂಕಿನಲ್ಲಿ ರೇಸಿನ ಪೂರ್ತಿ ದೂರ ಓಡಿಸಿದಳು. ನೇರ ಹಾದಿಯಲ್ಲಿ ದನಿ ಕೊನೆಯ ಸುತ್ತಿನವರೆಗೂ ಒಂದೇ ಸಮನಾಗಿತ್ತು. ಮಾಲೀಕರು ಗಡಿಯಾರ ನೋಡಿದರು, ಅವಳ ಕಡೆ ನೋಡಲಿಲ್ಲ. "ನಸಿಕಲೇ ಹೊಂಡೂದೈತಿ. ಆಕೀಗೆ ಲಗೂನ ಬರಾಕ ಹೇಳು," ಎಂದು ನನಗೆ ಹೇಳಿ ಹೋದರು. ಅವರ ಬಾಯಿಂದ ಕ್ಷಮೆ ಎಂದರೆ ಅಷ್ಟೇ.

ಟೆಂಪೊಗೆ ಏರಿಸುವ ಮೊದಲು ಕಾರ್ಟಿನ ಒಂದೊಂದೇ ನಟ್ಟನ್ನು ಬಿಗಿ ನೋಡುತ್ತ ಬಂದೆ. ಅವಳು ಪಕ್ಕದಲ್ಲಿ ಕೂತು ಶೂ ಬಿಚ್ಚುತ್ತಿದ್ದಳು. ಎಕ್ಸಲರೇಟರ್ ಪೆಡಲನ್ನು ಪೂರ್ತಿ ಒತ್ತಿದಾಗ ಅದು ಹೋಗಿ ತಾಗುವ ಒಂದು ಬೋಲ್ಟ್ ಇದೆ. ಅದಕ್ಕೆ ಕೈ ಹಾಕಿದಾಗ ಬೆರಳಿಗೆ ಕರಿ ಹತ್ತಿತು. ಅಲ್ಲಿ ಗ್ರೀಸಿಗೆ ಏನೂ ಕೆಲಸವಿಲ್ಲ. ಯಾರು ಹಚ್ಚಿದರು ಎಂದು ಬೆರಳು ಮೂಸಿದೆ.

"ಗ್ರೀಸ್ ಅಲ್ಲ ಕಾಕಾ, ಕಾಡಗಿ," ಎಂದಳು.

"ಬೋಲ್ಟಿಗೆ ಕಾಡಗಿ ಯಾಕ?"

"ಪೂರಾ ಒತ್ತಿದ್ರ ಪೆಡಲಿಗೆ ಕರಿ ಹತ್ತತೈತಿ. ಇಳಿದ ಮ್ಯಾಲ ಬಗ್ಗಿ ನೋಡತಿದ್ದೆ."

"ಹತ್ತಿರತಿತ್ತೇನ?"

"ದಿನಾ ಹತ್ತಿರತಿತ್ತು."

ನನಗೆ ಸಿಟ್ಟು ಬಂತು. "ಹಂಗಾರ ತೋರಸಬಾರದೇನ? ಮಾಲಕರಿಗೆ ಬ್ಯಾಡ, ನನಗರ?"

"ಒಮ್ಮೆ ಒತ್ತಿದ್ರೂ ಹತ್ತೂದಽ ಅದು. ಅದನ್ನ ಯಾರ ನಂಬತಾರ," ಎಂದಳು. ಶೂವಿನ ದಾರ ಬೆರಳಿಗೆ ಸುತ್ತಿಕೊಂಡಳು. "ನಿಮಗ ತೋರಸಾಕ ಹಚ್ಚಿದ್ದಲ್ಲ ಕಾಕಾ. ಎಲ್ಲಾರೂ ಕಾಲ ತಗೀತಿ, ಕಾಲ ತಗೀತಿ ಅಂದ್ರಿ. ನನಗಽ ನನ್ನ ಕಾಲಿನ ಮ್ಯಾಲ ಅನುಮಾನ ಬಂದಿತ್ತು."

ನಾನು ಬೆರಳಿನ ಕರಿಯನ್ನು ಅರಿವೆಗೆ ಒರೆಸಿಕೊಂಡೆ. ಅವಳು ನನ್ನ ಕೈಯಿಂದ ಅರಿವೆ ತೆಗೆದುಕೊಂಡು, ಬಗ್ಗಿ, ಬೋಲ್ಟನ್ನು ಒರೆಸಿದಳು.